ಆಷಾಢದಲ್ಲೂ ಕಟಿಂಗ್ ರೂಮು ಒಣಗುತ್ತದೆ

ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ಕೋಳಿ ಕಟಿಂಗ್ ರೂಮನ್ನು ದಿನಾ ಒಣಗಿಸಿ, ಆಹಾರದಿಂದ ರೋಗ ತರುವ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಕಳೆಯುತ್ತೇವೆ ಅಂದಾಗ ಯಾರೂ ನಂಬಲಿಲ್ಲ. "ಕ್ಲೋರಿನ್ ಜಾಸ್ತಿ ಮಾಡಿ ಸಾಕು" ಅಂದರು. ಅದನ್ನೂ ಮಾಡಿ ಆಗಿತ್ತು. 200 ಪಿಪಿಎಂ (ಹತ್ತು ಲಕ್ಷದಲ್ಲಿ 200 ಭಾಗ) ಇದ್ದದ್ದನ್ನು ದುಪ್ಪಟ್ಟು ಮಾಡಿದರೂ ಮೋರಿಯ ಸ್ವಾಬ್, ಅಂದರೆ ಹತ್ತಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದ ಮಾದರಿ, ಪಾಸಿಟಿವ್ವೇ ಬಂತು, ಸ್ಟೀಲ್ ಟೇಬಲ್‌ಗಳ ಬೆಸುಗೆ ಜಾಗಕ್ಕೆ ತುಕ್ಕು ಹಿಡಿಯಿತು, ಲ್ಯಾಬಿಗೇ ಮೂವತ್ತು ಸಾವಿರದ ಹತ್ತಿರ ಹೋಯಿತು.

ಕೊಬ್ಬು, ರಕ್ತ ಉಳಿದಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಮೊದಲು ನೀರು ಮುಟ್ಟಿಸದೆ ಚೂರುಪಾರು ಗುಡಿಸಿ ತೆಗೆಯಿರಿ. ಆಮೇಲೆ 50 ಡಿಗ್ರಿ ಆಸುಪಾಸಿನ ನೀರು, ಕ್ಷಾರದ ಸೋಪು, ಬ್ರಷ್. ಕುದಿನೀರು ಸುರಿದರೆ ರಕ್ತ ಬೆಂದು ಅಂಟಿಕೊಳ್ಳುತ್ತದೆ. ಸೋಪು ಪೂರ್ತಿ ತೊಳೆದ ಮೇಲೆ 10 ಲೀಟರ್ ಬಕೆಟ್ಟಿಗೆ ಶೇ. 5ರ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ದ್ರಾವಣ) 40 ಮಿಲಿ. ಹಳೇ ಕ್ಯಾನಿಗೆ ಈ ಲೆಕ್ಕ ನಡೆಯದು, ಕ್ಲೋರಿನ್ ಅಳೆಯುವ ಸ್ಟ್ರಿಪ್ ಅದ್ದಿ ನೋಡಿ. ಹಳ್ಳದ ನೀರು ಕೆಂಪಗಿರುವ ದಿನಗಳಲ್ಲಿ ಸೋಸದೆ ಬೆರೆಸಿದರೆ ಸ್ಟ್ರಿಪ್ ಬಣ್ಣ ಸರಿಯಾಗಿ ಏರುವುದೇ ಇಲ್ಲ. ಟೇಬಲ್‌ಗೆ ಹೈಪೋ ಹೊಡೆಯುವ ಮೊದಲೇ ಮೋರಿಯನ್ನು ಬೇರೆ ಬಣ್ಣದ ಬ್ರಷ್ಷಿನಲ್ಲಿ ಉಜ್ಜಿ ಮುಗಿಸಬೇಕು. ಅಲ್ಲಿಗೆ ಪ್ರೆಶರ್ ಜೆಟ್ ಬಿಟ್ಟರೆ ಹೊಲಸೆಲ್ಲ ಹನಿಯಾಗಿ ಹಾರಿ ಕೋಳಿ ಕತ್ತರಿಸುವ ಹಲಗೆ ಮೇಲೆ ಕೂರುತ್ತದೆ.

ರಾತ್ರಿಯಿಡೀ ಎಕ್ಸಾಸ್ಟ್ ಫ್ಯಾನ್ ಓಡಿಸುವುದು ಬಯಲುಸೀಮೆಗೆ ಸರಿ. ನಮ್ಮಲ್ಲಿ ಅದು ಹೊರಗಿನ ತೇವದ ಗಾಳಿಯನ್ನೇ ಒಳಗೆಳೆದು ಗೋಡೆಯನ್ನು ಬೆವರಿಸುತ್ತದೆ. ಹಬೆ ಹೋಗುವವರೆಗೆ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ವೈಪರ್ ಎಳೆದು, ಕಿಟಕಿ ಸಂದು ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಾಕಿ. ನಮ್ಮದು ಸೆಕೆಂಡ್ ಹ್ಯಾಂಡ್, ಇಪ್ಪತ್ತೆರಡು ಸಾವಿರ ಇರಬೇಕು. ಬೆಳಗಾಗುವಷ್ಟರಲ್ಲಿ ಹತ್ತು ಹನ್ನೆರಡು ಲೀಟರ್ ನೀರು ಹಿಡಿಯುತ್ತದೆ, ನೆಲ ಮುಟ್ಟಿದರೆ ಕೈಗೆ ಪಸೆ ಹತ್ತುವುದಿಲ್ಲ. ಅದನ್ನು ಕೋಲ್ಡ್ ರೂಮಿನಲ್ಲಿ ಇಡಬೇಡಿ, ಒಳಗಿನ ಕಾಯಿಲ್‌ಗೆ (ತಣ್ಣಗಿನ ಕೊಳವೆ ಸುರುಳಿಗೆ) ಐಸ್ ಕಟ್ಟುತ್ತದೆ. ಅಲ್ಲಿ ನೋಡಬೇಕಾದ್ದು ಕೂಲರ್ ಕೆಳಗೆ ನೀರು ತೊಟ್ಟಿಕ್ಕುವ ಡ್ರಿಪ್ ಟ್ರೇ. 4 ಡಿಗ್ರಿಯಲ್ಲೂ ಬೆಳೆಯುವ ಲಿಸ್ಟೀರಿಯಾಕ್ಕೆ ನಿಂತ ನೀರಿಗಿಂತ ಒಳ್ಳೇ ಜಾಗ ಬೇಕೇ? ಟ್ರೇಗೆ ಇಳಿಜಾರು ಕೊಟ್ಟು, ಅದರ ಪೈಪಿನ ಬಾಯಿ ಮೋರಿಯಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿದೆವು. ಶ್ರಾವಣ ಮುಗಿಯುವವರೆಗೂ ಮೋರಿ, ಟ್ರೇ, ಹಲಗೆ ಮೂರೂ ನೆಗೆಟಿವ್. ಕರೆಂಟ್ ಬಿಲ್ ತಿಂಗಳಿಗೆ ಎಂಟುನೂರು ಏರಿತು, ಹೈಪೋ ಖರ್ಚು ಅರ್ಧಕ್ಕಿಳಿಯಿತು.

ಬ್ಯಾಕ್ಟೀರಿಯಾ ತಗ್ಗಿಸಲು ಮಾಂಸಕ್ಕೆ ಸಿಂಪಡಿಸುವ ಲ್ಯಾಕ್ಟಿಕ್ ಆಮ್ಲದ ಬದಲು ಉಪ್ಪಾಗೆ (ಮಲೆನಾಡಿನ ಹುಳಿ ಹಣ್ಣು) ಹುಳಿ ನೀರನ್ನು ಕೋಳಿ ಮಾಂಸಕ್ಕೆ ಸಿಂಪಡಿಸಿಯೂ ನೋಡಿದೆವು. ಬ್ಯಾಕ್ಟೀರಿಯಾ ಎಣಿಕೆ ತುಸು ಇಳಿಯಿತು, ಆದರೆ ಚರ್ಮ ಕಂದಿತು, ಒಂದು ಸಲದ ಹುಳಿ ಇನ್ನೊಂದು ಸಲ ಇಲ್ಲ. ಹುಳಿ ಅಳೆಯುವ ಪಿಎಚ್ ಮೀಟರ್ ತಂದು ಮುಂದಿನ ಹಂಗಾಮಿನಲ್ಲಿ ಮತ್ತೆ ಮಾಡುತ್ತೇವೆ.