ಮೊದಲು ನೆರಳು, ಆಮೇಲೆ ಬಣ್ಣ

ತೈಲವರ್ಣ ಕಲಿಯಬೇಕು ಅಂತ ಆಸೆಯಿದ್ದರೆ ಒಳ್ಳೆಯ ಹಳೆಯ ಚಿತ್ರವೊಂದನ್ನು ನಕಲು ಮಾಡಿ. ಇಟಲಿಯ ಸಾಸ್ಸೊಫೆರಾಟೊ (1609–1685) ಬರೆದ, ಪ್ರಾರ್ಥಿಸುತ್ತಿರುವ ಮೇರಿ ಮಾತೆಯ ಚಿತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನೀಲಿ ಹೊದಿಕೆ, ಕೆಂಪು ಉಡುಪು, ಬಿಳಿ ಮುಸುಕು, ಹಿಂದೆ ಕತ್ತಲು. ಅಷ್ಟೇ ಬಣ್ಣ. ಈ ಕಲಾವಿದನೂ ತನಗಿಂತ ಹಿಂದಿನ ಹೆಸರಾಂತ ಚಿತ್ರಕಾರ ರಾಫೆಲ್‌ನ ಚಿತ್ರಗಳನ್ನು ನಕಲು ಮಾಡಿದವನೇ.

ಶುರು ಮಾಡುವ ಮೊದಲು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಒಮ್ಮೆ ಹೋಗಿ ಬನ್ನಿ. 1900ರ ಆಸುಪಾಸಿನಲ್ಲಿ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳವು. ಗೋಡೆಯಲ್ಲಿರುವುದು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದ ಚಿತ್ರ; ಛಾವಣಿಯಲ್ಲಿರುವುದು ಕ್ಯಾನ್ವಾಸ್ ಮೇಲಿನ ತೈಲವರ್ಣ. ಬಟ್ಟೆಯ ಮಡಿಕೆಗಳಲ್ಲಿ ನೆರಳು ಎಲ್ಲಿ ಶುರುವಾಗಿ ಎಲ್ಲಿ ಕರಗುತ್ತದೆ, ಸುಮ್ನೆ ಕೂತು ನೋಡಿ.

ಈಗ ಕೆಲಸ. ಚಿತ್ರವನ್ನು 8×10 ಇಂಚಿಗೆ ಎರಡು ಪ್ರಿಂಟ್ ಹಾಕಿಸಿ: ಒಂದು ಬಣ್ಣದ್ದು, ಒಂದು ಕಪ್ಪು-ಬಿಳುಪಿನದು. ಪ್ರಿಂಟಿನ ಮೇಲೆ 1 ಇಂಚಿನ ಚೌಕ, 16×20 ಇಂಚಿನ ಕ್ಯಾನ್ವಾಸಿನ ಮೇಲೆ 2 ಇಂಚಿನ ಚೌಕ ಎಳೆಯಿರಿ. ಎರಡರಲ್ಲೂ 80 ಚೌಕ ಬರುತ್ತದೆ. ಒಂದೊಂದೇ ಚೌಕ ನೋಡಿಕೊಂಡು ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಹಾಕಿ.

ಇಲ್ಲಿಂದ ಅವಸರ ಬೇಡ. ಕಲಿಯುವುದೆಲ್ಲ ಈ ಹಂತದಲ್ಲೇ. ಬಣ್ಣದ ಪ್ರಿಂಟನ್ನು ಎತ್ತಿಡಿ. ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ, ಕಪ್ಪು-ಬಿಳುಪು ಪ್ರಿಂಟ್ ನೋಡುತ್ತಾ ಬರೀ ನೆರಳನ್ನು ಹಚ್ಚಿ. ಬೆಳಕು ಬೇಕಾದಲ್ಲಿ ಹಳೆ ಬನಿಯನ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಸಣ್ಣ ವಿವರ ಮಾಯವಾಗಿ ದೊಡ್ಡ ನೆರಳಷ್ಟೇ ಕಾಣುತ್ತದೆ. ನನ್ನ ಮೊದಲ ನಕಲಿನಲ್ಲಿ ನಾನು ಕಣ್ಣುಗಳಿಂದಲೇ ಶುರು ಮಾಡಿದ್ದೆ. ರೆಪ್ಪೆ ಚೆನ್ನಾಗಿ ಬಂತು, ಮುಖ ಬರಲಿಲ್ಲ. ಆ ಮುಖದ ಶಾಂತಿ ಇರುವುದು ಮುಸುಕಿನ ನೆರಳಿನಲ್ಲಿ.

ಇದು ಒಣಗಿದ ಮೇಲೆ ಬಣ್ಣ. ಚರ್ಮಕ್ಕೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಜೊತೆಗೆ ಚೂರು ಬರ್ಂಟ್ ಸಿಯೆನ್ನಾ (ಕೆಂಗಂದು). ನೆರಳಿಗೆ ಕಪ್ಪು ಬೆರೆಸಬೇಡಿ, ಮುಖ ಮಸಿಯಾಗುತ್ತದೆ. ಅಂಬರ್‌ಗೆ ತುಸು ಅಲ್ಟ್ರಾಮರೀನ್ ನೀಲಿ ಸಾಕು. ಹೊದಿಕೆಗೂ ಅದೇ ಅಲ್ಟ್ರಾಮರೀನ್. ಹಿಂದೆ ಆ ನೀಲಿಯನ್ನು ಲ್ಯಾಪಿಸ್ ಲಾಜುಲಿ ಎಂಬ ದುಬಾರಿ ಕಲ್ಲಿನಿಂದ ತೆಗೆಯುತ್ತಿದ್ದರು. ಈಗ ಟ್ಯೂಬಿನಲ್ಲಿ ಸಿಗುತ್ತದೆ. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಕೆಳಗಿನ ಪದರದಲ್ಲಿ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಲಿ. ಇದು ತಿರುಗುಮುರುಗಾದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿಡಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಣ್ಣ ಒಣಗಲು ಬಹಳ ಹೊತ್ತು ಬೇಕು, ಕ್ಯಾನ್ವಾಸಿನ ಹಿಂದೆ ಬೂಷ್ಟೂ ಬರುತ್ತದೆ. ವಾರ್ನಿಶ್‌ಗಾಗಿ ಚಿತ್ರ ಮುಗಿದ ಮೇಲೆ ಕನಿಷ್ಠ 6 ತಿಂಗಳು ಕಾಯಬೇಕು. ತೇವದ ಗಾಳಿಯಲ್ಲಿ ಹಚ್ಚಿದರೆ ಅದೂ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಶುರು ಮಾಡಿ ನವೆಂಬರ್‌ನೊಳಗೆ ಮುಗಿಸಿ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ವಾರ್ನಿಶ್ ಹಚ್ಚಿ. ಸೆಪ್ಟೆಂಬರ್ 8ಕ್ಕೆ ಬರುವ ಮೇರಿ ಮಾತೆಯ ಹುಟ್ಟುಹಬ್ಬ, ನಮ್ಮ ಮೊಂತಿ ಫೆಸ್ತ್‌ಗೆ ಅವಳು ನಿಮ್ಮ ಮನೆಯ ಗೋಡೆಯಲ್ಲಿರುತ್ತಾಳೆ.