ಅತ್ತೆಯ ವೀಣೆಗೆ ಡಿಲ್ಲಾ ಕತ್ತರಿ

ಮಾತಿಲ್ಲದ ಹಿಪ್ ಹಾಪ್ ಸುಲಭ ಅನ್ನುವವರು ಒಮ್ಮೆ ಮಾಡಿ ನೋಡಬೇಕು. ರಾಪರ್ ಇದ್ದರೆ ನಾಲ್ಕು ಬಾರ್‌ನ (ಅಂದ್ರೆ ನಾಲ್ಕು ತಾಳದ ಸುತ್ತಿನ) ತುಣುಕು ಲೂಪ್ ಆಗಿ ಮೂರು ನಿಮಿಷ ತಿರುಗಿದರೂ ನಡೆಯುತ್ತದೆ. ರಾಪರ್ ಇಲ್ಲ ಅಂದ್ರೆ ಅರ್ಧ ನಿಮಿಷಕ್ಕೇ ಬೇಜಾರು.

ನನಗೆ ದಾರಿ ತೋರಿಸಿದ್ದು ಅಮೆರಿಕದ ಡೆಟ್ರಾಯ್ಟ್‌ನ ಜೆ ಡಿಲ್ಲಾ, ಹಳೇ ಹಾಡುಗಳ ಚೂರು ಜೋಡಿಸಿ ಹಿಪ್ ಹಾಪ್ ಸಂಗೀತ ಕಟ್ಟುತ್ತಿದ್ದವರು. ಅವರ ‘ಡೋನಟ್ಸ್’ ಆಲ್ಬಮ್ ಬಂದಿದ್ದು 2006ರ ಫೆಬ್ರವರಿ 7ಕ್ಕೆ. ಅವತ್ತು ಅವರಿಗೆ 32 ತುಂಬಿತ್ತು. ಮೂರೇ ದಿನಕ್ಕೆ ತೀರಿಕೊಂಡರು. 31 ಟ್ರ್ಯಾಕ್, ಹೆಚ್ಚಿನವು ಎರಡು ನಿಮಿಷವೂ ಇಲ್ಲ. ಬೇಜಾರಾಗುವ ಮೊದಲೇ ಮುಗಿಸಿಬಿಡುತ್ತಾರೆ!

ನಾನು ಹಿಡಿದು ಕೂತದ್ದು ಅದರ ‘ಡೋಂಟ್ ಕ್ರೈ’. ಮೊದಲು ದಿ ಎಸ್ಕಾರ್ಟ್ಸ್ ತಂಡದ ಹಳೇ ಸೋಲ್ (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಹಾಡನ್ನು ಹೆಚ್ಚು ಕಡಿಮೆ ಇದ್ದ ಹಾಗೇ ಕೇಳಿಸುತ್ತಾರೆ. ಆಮೇಲೆ ಅದನ್ನೇ ಚೂರು ಚೂರು ಮಾಡಿ ಬೇರೆ ಥರ ಜೋಡಿಸುತ್ತಾರೆ. ಊಟಕ್ಕೆ ಕರೆದವರು ಅಡುಗೆಮನೆಗೇ ಕರೆದುಕೊಂಡು ಹೋದ ಹಾಗೆ.

ಬೇರೆಯವರ ಹಾಡು ಕತ್ತರಿಸಿದರೆ ಹಕ್ಕಿನ ರಗಳೆ. ಮನೆಯಲ್ಲೇ ವೀಣೆ ಇದೆಯಲ್ವಾ? ‘ಅತ್ತೆ, ಸ್ವಲ್ಪ ಮೋಹನ ನುಡಿಸ್ತೀರಾ?’ ಅಂದೆ. ಐದೇ ಸ್ವರ, ಹೇಗೆ ಜೋಡಿಸಿದರೂ ಹೊಂದುತ್ತದೆ. ‘ಕತ್ತರಿಸೋಕಾ? ಏನು ಮಾಡ್ತೀಯೋ ಮಾಡು’ ಅಂದರು.

ಕಷ್ಟ ಕೊಟ್ಟಿದ್ದು ಗಮಕ. ಪಿಯಾನೋ ಸ್ವರ ನಿಂತಲ್ಲೇ ನಿಲ್ಲುತ್ತದೆ. ವೀಣೆಯದ್ದು ಜಾರುತ್ತದೆ. ಜಾರುವಾಗ ಕತ್ತರಿಸಿದರೆ ಅಪಶ್ರುತಿ. ಅದಕ್ಕೆ ಮೀಟು ಬಿದ್ದಲ್ಲೇ ಕತ್ತರಿಸಿದೆ. ಅಲ್ಲೂ ಸದ್ದಿನ ಅಲೆ ಸೊನ್ನೆಯ ಗೆರೆ ದಾಟುವ ಜಾಗ ಹುಡುಕಬೇಕು, ಇಲ್ಲಾಂದ್ರೆ ‘ಟಿಕ್’ ಅನ್ನುತ್ತದೆ. ಬೆರಳಲ್ಲಿ ಒತ್ತಿ ನುಡಿಸುವ ಪ್ಯಾಡ್‌ಗಳಿಗೆ ಒಂದೊಂದು ಚೂರು ಕೊಟ್ಟು, ಎಲ್ಲವನ್ನೂ ಒಂದೇ ಚೋಕ್ ಗ್ರೂಪ್‌ಗೆ ಹಾಕಿದೆ. ಹೊಸ ಪ್ಯಾಡ್ ಒತ್ತಿದ ಕೂಡಲೇ ಹಳೆಯದರ ಬಾಯಿ ಬಂದ್. ಹಿಪ್ ಹಾಪ್‌ನ ಮಜಾ ಇರುವುದು ಡ್ರಮ್‌ಗಿಂತ ಜಾಸ್ತಿ ಈ ದಿಢೀರ್ ಕಡಿತದಲ್ಲಿ ಅಂತ ನನಗನಿಸುತ್ತದೆ.

ಆದರೂ ಸದ್ದು ತೀರಾ ನುಣುಪಾಗಿತ್ತು. ಸದ್ದು ತುಂಬಿಕೊಂಡು ಮತ್ತೆ ನುಡಿಸುವ 1987ರ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು 10 ಸೆಕೆಂಡ್ ಸದ್ದಿಗಷ್ಟೇ ಜಾಗ. ಆಗಿನ ಪ್ರೊಡ್ಯೂಸರ್‌ಗಳು (ಸಂಗೀತ ಕಟ್ಟುವವರು) ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಒಳಗೆ ನಿಧಾನ ಮಾಡುತ್ತಿದ್ದರು. ಜಾಗವೂ ಉಳಿಯುತ್ತಿತ್ತು, ಸದ್ದಿಗೆ ಒಂದು ಒರಟುತನವೂ ಬರುತ್ತಿತ್ತು. ನಾನೂ ಲ್ಯಾಪ್‌ಟಾಪ್‌ನಲ್ಲಿ ವೀಣೆಯ ವೇಗ ಏರಿಸಿ, ಸದ್ದಿನ ಸೂಕ್ಷ್ಮತೆಯನ್ನು ಆ ಯಂತ್ರದ ಹಾಗೇ 12 ಬಿಟ್‌ಗೆ ಇಳಿಸಿ, ಮತ್ತೆ ನಿಧಾನ ಮಾಡಿದೆ. ಮೀಟಿಗೆ ಗರಗರ ಅನ್ನುವ ಅಂಚು ಬಂತು.

ಡಿಲ್ಲಾ ಮಾಡಿದ ಹಾಗೇ ಶುರುವಿನಲ್ಲಿ ವೀಣೆಯನ್ನು ಮುಟ್ಟದೆ ಬಿಟ್ಟೆ, ಚೂರುಗಳು ಆಮೇಲೆ. ಅತ್ತೆಯ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ಇದೆ. ವೀಣೆಯನ್ನು ಎಳೆದಾಡುವ ಬದಲು ಜೊತೆಗೆ ಹಾಕಿದ ಬಾಸನ್ನೇ (ತಗ್ಗು ಸ್ವರದ ಸದ್ದನ್ನು) ಅಲ್ಲಿಗೆ ಸರಿಸಿದೆ.