ಮೊದಲ ಊರಿನಲ್ಲಿ ಬಂದವರು ನಾಲ್ವರು

ಆಟೋಗೆ ಮೈಕ್ ಕಟ್ಟಿಸಿಕೊಂಡು ಊರೆಲ್ಲ ಸುತ್ತಿದ್ದೆ. "ಮರೆವಿನ ಕಾಯಿಲೆಯ ಸಂಶೋಧನೆ ನಡೆಯುತ್ತಿದೆ, ವಯಸ್ಸಾದವರು ಶಾಲೆಯ ಹತ್ತಿರ ಬನ್ನಿ" ಎಂದು ಗಂಟಲು ಕಟ್ಟುವವರೆಗೆ ಕೂಗಿದೆ. ಮರುದಿನ ಬಂದವರು ನಾಲ್ವರು. ಅವರಲ್ಲಿ ಇಬ್ಬರು ಕಣ್ಣಿನ ಪೊರೆ ತೆಗೆಯುವ ಶಿಬಿರವೆಂದುಕೊಂಡು ಬಂದಿದ್ದರು.

ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ನನ್ನ ಮೊದಲ ವಾರ ಅದು. ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವುದು ಅವರ ಗುರಿ. ಅದರ ಮುಂದೆ ನಮ್ಮದು ಅಂಗೈಯಗಲದ ಕೆಲಸ.

'ಕಾಯಿಲೆ' ಎಂದು ಕೂಗಿದ್ದೇ ತಪ್ಪಾಗಿತ್ತು. ಅರವತ್ತಕ್ಕೆ ಅರಳುಮರಳು ಎನ್ನುವವರಿಗೆ ಮರೆವೆಂದರೆ ವಯಸ್ಸು, ಅಷ್ಟೇ. ಅದಕ್ಕೆ ಆಲ್ಝೈಮರ್ ಎಂಬ ಬಾಯಿಗೆ ಸಿಕ್ಕದ ಹೆಸರಿಟ್ಟು ಬೀದಿಯಲ್ಲಿ ಸಾರಿದರೆ, ಶಾಲೆಯ ಹತ್ತಿರ ಬಂದವರಿಗೆಲ್ಲ ತಲೆ ಕೆಟ್ಟಿದೆ ಎಂದೇ ಅರ್ಥ. ಮದುವೆಗೆ ಬೆಳೆದ ಮೊಮ್ಮಗಳಿರುವ ಮನೆಯವರು ಅಜ್ಜಿಯನ್ನು ಹೊಸಿಲು ದಾಟಿಸುವುದುಂಟೇ?

ಎರಡನೆಯ ಊರಿನಲ್ಲಿ ಮೈಕ್ ಬಿಟ್ಟು ಹಾಲಿನ ಡೇರಿಯ ಮುಂದೆ ನಿಂತೆ. ಜೊತೆಗೆ ಆ ಊರಿನ ಆಶಾ ಕಾರ್ಯಕರ್ತೆ. ಕ್ಯಾನ್ ಹಿಡಿದು ಸಾಲಿನಲ್ಲಿರುವವರಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಒಪ್ಪಿಗೆ ಪತ್ರದಲ್ಲಿದ್ದ 'ಅರಿವಿನ ಕ್ಷೀಣತೆ' ಎಂಬ ಮಾತು ತೆಲುಗು ಮನೆಮಾತಿನವರಿಗಿರಲಿ, ನನಗೇ ಎರಡು ಸಲ ಓದಬೇಕಾಯಿತು. "ಉಂಡದ್ದು ಮರೆತು ಮತ್ತೆ ಊಟ ಕೇಳುವುದು, ಹೊಲದಿಂದ ಮನೆಗೆ ಬರುವಾಗ ದಾರಿ ತಪ್ಪುವುದು" ಎಂದೆ. ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಒಬ್ಬ ನೆಂಟರು ನೆನಪಾದರು.

ಆಮೇಲೆ ರಕ್ತದ ಜಗಳ. ರಕ್ತ ತೆಗೆದು ಮಾರುತ್ತಾರೆ ಎಂಬ ಸುದ್ದಿ ನಮಗಿಂತ ಮುಂಚೆಯೇ ಮನೆಮನೆ ತಲುಪಿತ್ತು. ವಾದ ಮಾಡಲಿಲ್ಲ. ಅಶ್ವತ್ಥಕಟ್ಟೆಯ ಮೇಲೆ ಕುಳಿತು ಮೊದಲು ನನ್ನ ರಕ್ತವನ್ನೇ ತೆಗೆಸಿ, ಕೊಳವೆಯನ್ನು ಕೈಯಿಂದ ಕೈಗೆ ಕೊಟ್ಟೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ ಚಹಾ ಬಿಡದವರೆಲ್ಲ ತಪ್ಪಿಸಿಕೊಳ್ಳುತ್ತಿದ್ದರು. ಆರು ಗಂಟೆಗೇ ಅವರ ಮನೆ ಬಾಗಿಲಿಗೆ ಹೋಗಲು ಶುರುಮಾಡಿದೆವು, ಉಪ್ಪಿಟ್ಟಿನ ಡಬ್ಬಿ ಸಮೇತ.

"ಇದರಿಂದ ನಮಗೇನು ಸಿಗುತ್ತದಮ್ಮ?" ಎಂದು ಕೇಳದವರಿಲ್ಲ. 'ಉಚಿತ ತಪಾಸಣೆ' ಎಂದುಬಿಡು ಎಂಬ ಸಲಹೆ ನಮ್ಮವರಿಂದಲೇ ಬಂದಿತ್ತು. ಒಂದು ಊರಿನಲ್ಲಿ ಹಾಗೆಯೇ ಹೇಳಿದೆ. ಜನ ಕಿಕ್ಕಿರಿದರು, ಮರುವರ್ಷ ಹೋದಾಗ ಅವರಲ್ಲಿ ಹೆಚ್ಚಿನವರು ಮುಖ ತಿರುಗಿಸಿದರು. ಅಂದಿನಿಂದ ನೇರವಾಗಿ ಹೇಳುತ್ತೇನೆ: "ಮರೆವಿಗೆ ನಾವು ಔಷಧಿ ಕೊಡುವುದಿಲ್ಲ. ಸಕ್ಕರೆ, ಬಿಪಿಯ ವರದಿ ನಿಮ್ಮ ಕೈಗೆ ಬರುತ್ತದೆ. ಬೇಡವೆನಿಸಿದ ದಿನ ಬಿಟ್ಟುಬಿಡಬಹುದು." ಎದ್ದು ಹೋಗುವವರು ಆಗಲೇ ಹೋಗುತ್ತಾರೆ. ಉಳಿದವರು ಮರುವರ್ಷವೂ ಸಿಗುತ್ತಾರೆ, ವರದಿ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೆ.

ಮೇ ತಿಂಗಳಿಂದ ಜುಲೈವರೆಗೆ ಮಾವಿನ ಕೊಯ್ಲು. ಆ ದಿನಗಳಲ್ಲಿ ಯಾರನ್ನೂ ಕರೆಯಬಾರದು. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದವರಿಗೆಂದು ರೂಪಿಸಿದ ಪ್ರಶ್ನಾವಳಿಯಲ್ಲಿ ಮೂರು ಪದ ಹೇಳಿ, ತುಸು ಹೊತ್ತಿನ ಮೇಲೆ ಕೇಳುತ್ತೇವೆ: ಮಾವು, ಕುರ್ಚಿ, ನಾಣ್ಯ. "ಕುರ್ಚಿ, ನಾಣ್ಯ ಸರಿ. ಮಾವು ಎಂದೆಯಲ್ಲ, ತೋತಾಪುರಿಯೋ ಬಾದಾಮಿಯೋ ಹೇಳಲೇ ಇಲ್ಲ" ಎಂದು ಒಬ್ಬ ತಾತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಪೂರ್ಣ ಅಂಕ ಕೊಟ್ಟೆ.

ಇಷ್ಟೆಲ್ಲ ಕಲಿತರೂ ಕೊನೆಯ ಮಾತು ಸೊಸೆಯಂದಿರದು. ಅತ್ತೆಯ ದಿನಚರಿ ಬಲ್ಲವರು ಅವರು. ಅವರನ್ನೂ ಪ್ರಶ್ನಿಸಬೇಕು, ಅದೂ ಅತ್ತೆಯ ಕಿವಿಗೆ ಬೀಳದಂತೆ ಹಿತ್ತಿಲಿನಲ್ಲಿ. ಒಂದು ಮನೆಯಲ್ಲಿ ಮೂರು ವರ್ಷಗಳಿಂದ ಸೊಸೆ ನನಗೆ ಕಾಫಿ ಕೊಟ್ಟು, "ಈ ವರ್ಷ ಬೇಡಮ್ಮ" ಎನ್ನುತ್ತಿದ್ದಾಳೆ. ಒಳಕೋಣೆಯಿಂದ ಅತ್ತೆ ಪ್ರತಿ ಸಲವೂ "ಯಾರು ಬಂದಿದ್ದು?" ಎಂದು ಕೇಳುತ್ತಾರೆ, ಹೇಳಿದ ಐದು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ನಾನು ಕಾಫಿ ಕುಡಿದು ಬರುತ್ತೇನೆ.